ಹಿಂದಿನ ಗಾಲಿಗೆ ಎಣ್ಣೆ

ಮದುವೆಯಾಗಿ ಹೈದರಾಬಾದಿಗೆ ಬಂದಾಗಿನಿಂದ ನಾನು ಹಿಂದಿನ ಸೀಟಿನವಳು. ಸೆರಗನ್ನು ಮಡಿಲಲ್ಲಿ ಒತ್ತಿಕೊಂಡು, ಎರಡೂ ಕಾಲನ್ನು ಒಂದೇ ಬದಿಗೆ ಇಳಿಬಿಟ್ಟು, ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈ ಗಂಡನ ಹೆಗಲ ಮೇಲೆ. ಮುಂದಿನ ರಸ್ತೆ ನನಗೆ ಕಾಣುತ್ತಿರಲಿಲ್ಲ. ಕಾಣುತ್ತಿದ್ದದ್ದು ಅವರ ಶರ್ಟಿನ ಕಾಲರು ಮತ್ತು ಪಕ್ಕಕ್ಕೆ ಹಾದುಹೋಗುವ ಸಿಟಿ ಬಸ್ಸಿನ ಚಕ್ರಗಳು. ನಾನು ಹತ್ತಿದೆನೋ ಇಲ್ಲವೋ ಎಂದು ಅವರು ಒಮ್ಮೆಯೂ ಕೇಳಿದವರಲ್ಲ. ಹಿಂದೆ ಭಾರ ಬಿತ್ತು ಅಂದರೆ ಗೇರು ಹಾಕಿದರು, ಅಷ್ಟೇ. ಒಮ್ಮೆ ಕೋಠಿಯಲ್ಲಿ ನಾನು ಇನ್ನೂ ಕೆಳಗೇ ನಿಂತಿರುವಾಗ ಬಟ್ಟೆಯ ಗಂಟನ್ನು ಸೀಟಿನ ಮೇಲೆ ಇಟ್ಟೆ, ಗಾಡಿ ಗಂಟಿನ ಜೊತೆ ಹೋಗಿಯೇ ಬಿಟ್ಟಿತು. ಮುಂದಿನ ಸಿಗ್ನಲ್ಲಿನಲ್ಲಿ ಗಂಟು ಮಾತಾಡಲಿಲ್ಲವೆಂದು ತಿರುಗಿ ನೋಡಿದರಂತೆ.

ನಮ್ಮವರು ಅಂದರೆ ನನ್ನ ಗಂಡ. ಹೆಸರು ಹಿಡಿದು ಹೇಳುವ ರೂಢಿ ನಮ್ಮಲ್ಲಿಲ್ಲ, ಬರೆಯುವಾಗಲೂ ಕೈ ಬರುವುದಿಲ್ಲ. ಕುಷಾಯಿಗೂಡದ ಕಡೆಯ ದೊಡ್ಡ ಸರಕಾರಿ ಕಾರ್ಖಾನೆಯಲ್ಲಿ ತಪಾಸಣೆ ವಿಭಾಗದಲ್ಲಿದ್ದರು. ತಯಾರಾದ ಸಾಮಾನು ಪರೀಕ್ಷಿಸಿ ಪಾಸು, ಫೇಲು ಅನ್ನುವುದು ಅವರ ಕೆಲಸ. ಆ ಚಟ ಮನೆಗೂ ಬಂತು. ಬದನೆಕಾಯಿ ಫೇಲು, ಹಾಲು ಫೇಲು, ನನ್ನ ತವರಿನಿಂದ ಬಂದ ಖಾರದಪುಡಿ ಕೂಡ ಒಂದು ವರ್ಷ ಫೇಲು. ಆ ದಿನ ನಾನು ತಟ್ಟೆಯನ್ನು ಸ್ವಲ್ಪ ಜೋರಾಗಿಯೇ ಇಟ್ಟೆ. ಮನೆಯಲ್ಲಿ ಯಾವತ್ತೂ ಫೇಲಾಗದ ವಸ್ತು ಒಂದೇ, ಅವರ ಮೋಟರ್‌ಸೈಕಲ್ಲು.

ಅದರ ಆರೈಕೆಗೆ ಅವರು ಕಡಿಮೆ ಮಾಡಿದವರಲ್ಲ. ರವಿವಾರ ಬೆಳಿಗ್ಗೆ ಹಳೇ ಪೇಪರು ಹಾಸಿ ಚೈನು ಬಿಗಿ ಮಾಡುವುದು, ಬ್ರೇಕು ತಿದ್ದುವುದು, ಪೆಟ್ರೋಲ್ ಬಂಕಿನಲ್ಲಿ ಗಾಳಿ ಹಾಕುವವನ ಹಿಂದೆ ನಿಂತು ಮೀಟರಿನ ಮುಳ್ಳು ನೋಡುವುದು. ಇದೆಲ್ಲ ಸರಿಯೇ. ಆದರೆ ದಸರೆ ಬಂತೆಂದರೆ ಇನ್ನೊಂದು ಕೆಲಸ ಇತ್ತು. ಖಂಡೆಪೂಜೆ, ಅಂದರೆ ಆಯುಧಪೂಜೆಯ ದಿನ ಗಾಡಿ ತೊಳೆದು, ಎರಡೂ ಟಾಯರಿಗೆ ಕೊಬ್ಬರಿ ಎಣ್ಣೆ ಹಚ್ಚಿ ಹಳೇ ಧೋತರದ ತುಂಡಿನಿಂದ ಮಿರಮಿರ ಮಿಂಚುವ ತನಕ ತಿಕ್ಕುತ್ತಿದ್ದರು. ಎಣ್ಣೆ ಯಾರದು? ನನ್ನ ತಲೆಗೆ ಹಚ್ಚುವುದು. ಮೊದಲ ವರ್ಷ ನಾನು, "ಏನ್ರಿ, ಗಾಡಿಗೂ ಎಣ್ಣಿ ಹಚ್ಚಿ ನೀರು ಎರೀತೀರೇನ?" ಅಂದೆ. ಅವರು ನಗಲಿಲ್ಲ. ಬೀದರ ಕಡೆಯ ಅವರ ಊರಲ್ಲಿ ಅವರಪ್ಪ ಬಾವಿಯ ನೀರೆತ್ತುವ ಮೊಟ್ಟಿ, ಎತ್ತಿನ ಪಟ್ಟಿ, ಕಾಲಿನ ಜೋಡು, ಚರ್ಮದ್ದು ಏನಿದ್ದರೂ ದಸರೆಗೆ ಎಣ್ಣೆ ಕುಡಿಸುತ್ತಿದ್ದರಂತೆ. ಎಣ್ಣೆ ಕುಡಿದ ಚರ್ಮ ಮೆತ್ತಗಿರುತ್ತದೆ, ಬಿರಿಯುವುದಿಲ್ಲ. ಆ ಮನೆಯ ಮಗ ಹೈದರಾಬಾದಿಗೆ ಬಂದ, ಚರ್ಮ ಹೋಗಿ ರಬ್ಬರು ಬಂತು, ಎಣ್ಣೆ ಮಾತ್ರ ಹಾಗೇ ಉಳಿಯಿತು. ರಬ್ಬರಿಗೆ ಎಣ್ಣೆ ಆಗಿಬರುವುದಿಲ್ಲ ಎಂಬುದು ಅವರಿಗೆ ತೋಚಲಿಲ್ಲ. ನನಗೆ ತಾನೇ ಏನು ಗೊತ್ತಿತ್ತು, ನನಗೆ ಬಾಟಲಿ ಖಾಲಿಯಾದದ್ದರ ಸಿಟ್ಟು.

ನಿವೃತ್ತಿಯಾದ ಮೇಲೆ ಗಾಡಿ ಹೊರಗೆ ಹೋಗುವುದು ಕಡಿಮೆಯಾಯಿತು. ತಾರ್ನಾಕದ ನಮ್ಮ ಮನೆಯ ಮುಂದೆ ಪಡುವಣ ಬಿಸಿಲು ಬೀಳುವ ಜಾಗದಲ್ಲಿ ಅದು ನಿಂತೇ ಇರುತ್ತಿತ್ತು. ಕಾಯಿಪಲ್ಲೆಗೆ, ಗುಡಿಗೆ, ಯಾರದಾದರೂ ಮದುವೆಗೆ, ಅಷ್ಟೇ. ಓಡದ ಟಾಯರು ಸವೆಯುವುದಿಲ್ಲ. ಅದೇ ಅವರಿಗೆ ದೊಡ್ಡ ಹೆಮ್ಮೆಯಾಯಿತು. ಬಂದವರಿಗೆಲ್ಲ ರೂಪಾಯಿ ನಾಣ್ಯವನ್ನು ಟಾಯರಿನ ಗೀರಿನೊಳಗೆ ತುರುಕಿ ತೋರಿಸುತ್ತಿದ್ದರು, "ಗ್ರಿಪ್ ನೋಡ್ರಿ, ಹೊಸಾದರಂಗ ಐತಿ." ನೋಡಿದವರು ಹೌದೆನ್ನುತ್ತಿದ್ದರು. ಚಹಾ ಕೊಟ್ಟ ಮನೆಯಲ್ಲಿ ಇನ್ನೇನು ಅಂದಾರು?

ಇದು ಹೀಗೇ ನಡೆಯುತ್ತಿತ್ತೇನೋ. ಆದರೆ ನಮ್ಮ ಮಗಳಿಗೆ ಕೋಠಿಯ ಒಂದು ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟ್ ಕೆಲಸ ಸಿಕ್ಕಿತು. ಒಬ್ಬಳೇ ಮಗಳು. ಬಸ್ಸಿನಲ್ಲಿ ಜೋತಾಡಿಕೊಂಡು ಹೋಗುವುದು ಅವಳಿಗೆ ಸಾಕಾಗಿತ್ತು. ಸ್ಕೂಟಿ ಬೇಡ, ಅಪ್ಪನ ಗಾಡಿಯೇ ಬೇಕು ಅಂದಳು. ಅಪ್ಪನಿಗೆ ಆಕಾಶ ಮೂರೇ ಗೇಣು. ಯೂನಿವರ್ಸಿಟಿ ಒಳಗಿನ ಖಾಲಿ ರಸ್ತೆಯಲ್ಲಿ ರವಿವಾರ ರವಿವಾರ ಕಲಿಸಿದರು. ಲೈಸೆನ್ಸೂ ಬಂತು. ದಸರೆಯ ದಿನ ಪೂಜೆ ಮಾಡಿ, ಬನ್ನಿ ಎಲೆಯ ಜೊತೆ ಕೀಲಿ ಅವಳ ಕೈಗೆ ಕೊಡುವುದು ಅಂತ ತೀರ್ಮಾನವಾಯಿತು. ಮರುದಿನದಿಂದ ಅವಳು ದಿನಾ ಅದೇ ಗಾಡಿಯ ಮೇಲೆ, ಬಸ್ಸು ಆಟೋಗಳ ನಡುವೆ, ಸೇತುವೆ ಹತ್ತಿ ಇಳಿದು ಕೋಠಿಗೆ ಹೋಗಬೇಕು. ನನಗೂ ಖುಷಿಯೇ ಆಗಿತ್ತು.

ಆ ವರ್ಷ ನಮ್ಮವರ ಮೊಣಕಾಲು ಹಿಡಿದುಕೊಂಡಿತ್ತು. ಕುಕ್ಕರಗಾಲಲ್ಲಿ ಕೂರಬಾರದು ಅಂದಿದ್ದರು ಡಾಕ್ಟರು. ಹೀಗಾಗಿ ದಸರೆಗೆ ಎಂಟು ದಿನ ಮುಂಚೆ ಗಾಡಿ ತೊಳೆಯುವ ಕೆಲಸ ನನ್ನ ಪಾಲಿಗೆ ಬಂತು. ಅವರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, "ಅಲ್ಲಿ ಉಳೀತು, ಇಲ್ಲಿ ಉಳೀತು" ಎಂದು ಹುಕುಂ ಕೊಡುತ್ತಿದ್ದರು. ನಾನು ಟಾಯರಿಗೆ ಕೈ ಹಾಕಿದೆ. ಜಿಡ್ಡು, ಅದರ ಮೇಲೆ ಧೂಳು, ಅದರ ಮೇಲೆ ಮತ್ತೆ ಜಿಡ್ಡು. ಕರಿದ ಬಾಣಲೆ ತಿಕ್ಕುವವಳಿಗೆ ಇದೇನು ಹೊಸದಲ್ಲ. ಬಿಸಿನೀರು ತಂದೆ, ಪಾತ್ರೆ ಸಾಬೂನು ತಂದೆ, ತೆಂಗಿನ ನಾರು ಹಿಡಿದು ಉಜ್ಜಿದೆ. ವರ್ಷಗಳ ಎಣ್ಣೆ ಕರ್ರಗೆ ಹರಿದು ಮೋರಿ ಸೇರಿತು.

ಒಣಗಿದ ಮೇಲೆ ನೋಡಿದರೆ ಟಾಯರು ಕಪ್ಪಗಿರಲಿಲ್ಲ, ಬೂದಿ ಬಣ್ಣಕ್ಕೆ ತಿರುಗಿತ್ತು. ಹಿಂದಿನ ಟಾಯರಿನ ಎರಡೂ ಪಕ್ಕದ ತುಂಬ ಸಣ್ಣ ಸಣ್ಣ ಬಿರುಕು, ಚಳಿಗಾಲದಲ್ಲಿ ಹಿಮ್ಮಡಿ ಒಡೆದ ಹಾಗೆ. ಗೀರುಗಳ ತಳದಲ್ಲೂ ಇದ್ದವು. ಉಗುರಿನಿಂದ ಒತ್ತಿದೆ, ರಬ್ಬರು ಒಳಗೆ ಹೋಗಲಿಲ್ಲ, ಹಲಗೆಯಂತೆ ಗಟ್ಟಿ. ಬೆರಳಿನಿಂದ ಸ್ವಲ್ಪ ಬಾಗಿಸಿದಾಗ ಒಂದು ಬಿರುಕು ಬಾಯಿ ತೆರೆಯಿತು. ಇಷ್ಟು ದಿನ ನಾನು ಕೂತದ್ದು ಇದರ ಮೇಲೆ ಎಂಬುದು ಆಮೇಲೆ ನೆನಪಾಯಿತು, ಮೊದಲು ನೆನಪಾದವಳು ಮಗಳು.

"ಏನ್ರಿ, ಇಲ್ನೋಡ್ರಿ. ಟಾಯರ್ ಬಿರದೈತಿ."

"ಗ್ರಿಪ್ ಐತಿಲ್ಲೋ?" ಕುರ್ಚಿಯಿಂದ ಏಳದೆ ಕೇಳಿದರು.

"ಗ್ರಿಪ್ ಐತಿ. ಪಕ್ಕಕ್ಕ ಬಿರದೈತಿ ಅನ್ನಾಕತ್ತೀನಿ."

"ನೀ ಸಾಬಾಣ ಹಾಕಿ ತಿಕ್ಕೀದಿ, ಒಣಗೇತಿ. ಎಣ್ಣಿ ಹಚ್ಚು, ಮುಚ್ಚತಾವ."

"ಮುಚ್ಚತಾವ್ರಿ. ಹೋಗತಾವೇನು?"

ಅವರಿಗೆ ಬಾಗಿ ನೋಡಲು ಮೊಣಕಾಲು ಬಿಡದು, ನನ್ನ ಮಾತು ನಂಬಲು ಅವರ ಮೂವತ್ತು ವರ್ಷದ ನೌಕರಿ ಬಿಡದು. ನಾನು ಎಣ್ಣೆ ಬಾಟಲಿಯನ್ನು ಒಳಗೆ ಒಯ್ದು ಅಕ್ಕಿ ಡಬ್ಬಿಯ ಹಿಂದೆ ಇಟ್ಟೆ.

ಆ ವಾರ ಮನೆಯಲ್ಲಿ ಟಾಯರು ಬಿಟ್ಟು ಬೇರೆ ಮಾತಿರಲಿಲ್ಲ. ಹೊಸದು ಹಾಕಿಸಿ ಅಂದರೆ, ಇಷ್ಟು ಗ್ರಿಪ್ ಇರುವ ಟಾಯರು ಬಿಸಾಡುವುದು ಅನ್ನ ಚೆಲ್ಲಿದ ಹಾಗೆ ಅಂದರು. ಮಗಳು ಫೋನಿನಲ್ಲಿ ಅದೂ ಇದೂ ಓದಿ, ಟಾರ್ಚು ಹಿಡಿದು ಹಿಂದಿನ ಗಾಲಿಯ ಪಕ್ಕ ಕೂತಳು. ಟಾಯರಿನ ಮೇಲೆ ಸಣ್ಣ ಚೌಕಟ್ಟಿನೊಳಗೆ ನಾಲ್ಕು ಅಂಕಿ ಒತ್ತಿರುತ್ತಾರಂತೆ, ಮೊದಲಿನ ಎರಡು ಅಂಕಿ ತಯಾರಾದ ವಾರ, ಕೊನೆಯ ಎರಡು ಅಂಕಿ ವರ್ಷ. ಓದಿ ಹೇಳಿದಳು. ಲೆಕ್ಕ ಹಾಕಿದರೆ ಆ ರಬ್ಬರು ಹುಟ್ಟಿದಾಗ ಅವಳು ಇನ್ನೂ ಎರಡು ಜಡೆ ಹಾಕಿಕೊಂಡು ಸ್ಕೂಲಿಗೆ ಹೋಗುತ್ತಿದ್ದಳು. ಓಡದೆ ನಿಂತರೂ ರಬ್ಬರಿಗೆ ವಯಸ್ಸಾಗುತ್ತದೆ, ಬಿಸಿಲಿಗೆ ಬೇಗ ಆಗುತ್ತದೆ, ಎಣ್ಣೆ ಹಚ್ಚಿದರೆ ಕೆಡುತ್ತದೆ ಅಂತ ಅಪ್ಪನಿಗೆ ಓದಿ ತೋರಿಸಿದಳು.

"ಫೋನಿನ್ಯಾಗ ಎಲ್ಲಾ ಬರೀತಾರ" ಅಂದರು.

"ಇದು ಫೋನಿನ್ಯಾಗ ಇಲ್ಲ, ನಿನ್ನ ಗಾಡಿ ಮ್ಯಾಲೇ ಐತಿ" ಎಂದು ಅವಳು ಚೈನಿನ ಕವರಿನ ಮೇಲಿನ ಸ್ಟಿಕ್ಕರು ತೋರಿಸಿದಳು. ಹಿಂದಿನ ಗಾಲಿಗೆ ಎರಡು ಥರದ ಗಾಳಿ ಬರೆದಿತ್ತು. ಒಬ್ಬರೇ ಕೂತರೆ ಇಷ್ಟು, ಇಬ್ಬರು ಕೂತರೆ ಅದಕ್ಕಿಂತ ಹೆಚ್ಚು. "ನೀ ಯಾವಾಗಲೂ ಯಾವುದು ಹಾಕ್ಸತಿದ್ದಿ?"

ಅವರು ಹಾಕಿಸುತ್ತಿದ್ದದ್ದು ಒಬ್ಬರದ್ದು. ಹೆಚ್ಚು ಗಾಳಿ ಹಾಕಿದರೆ ಗಾಡಿ ಕುಣಿಯುತ್ತದೆ ಎಂಬುದು ಅವರ ವಾದ. ಗಾಳಿ ಕಡಿಮೆಯಾಗಿ ಭಾರ ಹೆಚ್ಚಾದರೆ ಟಾಯರಿನ ಪಕ್ಕ ಬಾಗಿ ಬಾಗಿ ಕಾದು ಬಿರಿಯುತ್ತದಂತೆ. ಅಲ್ಲಿಗೆ ನನ್ನದೊಂದು ವಿಷಯ ಇತ್ಯರ್ಥವಾಯಿತು. ಮದುವೆಯಾದಾಗಿನಿಂದ ನಾನು ಆ ಗಾಡಿಯ ಮೇಲಿದ್ದೆ, ಗಾಳಿಯ ಲೆಕ್ಕದಲ್ಲಿ ಇರಲಿಲ್ಲ. ನನಗೆ ನಗು ಬಂತು, ಸಿಟ್ಟೂ ಬಂತು. ಎರಡನ್ನೂ ನುಂಗಿ ರೊಟ್ಟಿ ಬಡಿಯಲು ಹೋದೆ. ಆ ದಿನ ರೊಟ್ಟಿ ಭಾಳ ತೆಳ್ಳಗೆ ಬಂದವು.

ದಸರೆಯ ಬೆಳಿಗ್ಗೆ ಎದ್ದು ಹೊರಗೆ ಬಂದರೆ ಟಾಯರು ಕರ್ರಗೆ ಮಿಂಚುತ್ತಿತ್ತು. ಅಕ್ಕಿ ಡಬ್ಬಿಯ ಹಿಂದಿನ ಬಾಟಲಿ ಹುಡುಕಿ, ಕೋಲಿನ ತುದಿಗೆ ಬಟ್ಟೆ ಕಟ್ಟಿ, ನಿಂತುಕೊಂಡೇ ಎಣ್ಣೆ ಹಚ್ಚಿದ್ದರು. ಒಂದು ಬಿರುಕೂ ಕಾಣುತ್ತಿರಲಿಲ್ಲ. ಚೆಂಡುಹೂವಿನ ಮಾಲೆ, ಕುಂಕುಮ, ಎರಡೂ ಗಾಲಿಯ ಕೆಳಗೆ ನಿಂಬೆಹಣ್ಣು. ಮಗಳು ಹೊಸ ಹೆಲ್ಮೆಟ್ಟು ಹಿಡಿದು ನಿಂತಿದ್ದಳು. ಅವಳ ಮುಖ ನೋಡಿದೆ. ಅವಳಿಗೂ ಗೊತ್ತಿತ್ತು, ಆದರೂ ಹಬ್ಬದ ದಿನ ಅಪ್ಪನ ಮನಸ್ಸು ಮುರಿಯಲಾರಳು. ಹೂಂ ಅಂದು ಹೋಗಿಬಿಡುತ್ತಾಳೆ ಅನ್ನಿಸಿತು. ಆ ಕ್ಷಣ ನನಗೆ ಆದ ಭಯವನ್ನು ಈಗಲೂ ಮರೆತಿಲ್ಲ.

"ಆರತಿ ತಗೊಂಬಾ" ಅಂದರು ನಮ್ಮವರು.

"ನಾ ಈ ಗಾಡಿಗೆ ಆರತಿ ಎತ್ತಂಗಿಲ್ಲ."

"ಹಬ್ಬದ ದಿನ ಏನ ಹಿಂಗಂತಿ?"

"ಹಬ್ಬ ಅಂತನ ಹೇಳಾಕತ್ತೀನಿ. ಟಾಯರ್ ಬದಲಾಗೂತನಕ ಆಕಿ ಇದರ ಮ್ಯಾಲ ಕೂಡಂಗಿಲ್ಲ."

ಅವರ ಮುಖ ಕೆಂಪಾಯಿತು. ನಮ್ಮ ಮನೆಯಲ್ಲಿ ಕೂಗಾಟ ಇಲ್ಲ, ಅವರ ಸಿಟ್ಟು ಮೆತ್ತಗಿನ ದನಿಯಲ್ಲಿ ಬರುತ್ತದೆ. "ಹಂಗಾರ ನೀ ಬಾ. ಕೂಡು. ಕೋಠಿ ತನಕ ಹೋಗಿ ಬರೂಣು. ಆಮ್ಯಾಲ ಮಾತಾಡು" ಅಂದರು. ನಾನು ಕೈಯಲ್ಲಿದ್ದ ಪೂಜೆಯ ತಾಟು ಮಗಳ ಕೈಗೆ ಕೊಟ್ಟು, ಹಬ್ಬದ ಇಳಕಲ್ ಸೀರೆಯಲ್ಲೇ ಹಿಂದೆ ಹತ್ತಿದೆ. ಭಾರ ಬಿತ್ತು, ಗೇರು ಬಿತ್ತು. ನಿಂಬೆಹಣ್ಣು ಪಚಕ್ಕೆಂದಿತು.

ಗಲ್ಲಿಯ ತಿರುವಿನಲ್ಲಿ ಬೆಳಿಗ್ಗೆ ಯಾರೋ ಅಂಗಳ ತೊಳೆದ ನೀರು ಇತ್ತು. ಅಲ್ಲಿ ಗಾಡಿ ತಿರುಗಿದಾಗ ಹಿಂದಿನ ಗಾಲಿ ನನ್ನ ಕೆಳಗೆ ಸರಕ್ಕನೆ ಜಾರಿ ಮತ್ತೆ ನಿಂತಿತು. ಬೀಳಲಿಲ್ಲ. ನಾನು ಅವರ ಹೆಗಲು ಗಟ್ಟಿಯಾಗಿ ಹಿಡಿದೆ. ಅವರ ಹೆಗಲೂ ಗಟ್ಟಿಯಾಯಿತು. ದೊಡ್ಡ ರಸ್ತೆಗೆ ಬಂದೆವು. ಹಬ್ಬದ ದಿನವಾದ್ದರಿಂದ ರಸ್ತೆ ಸಾಕಷ್ಟು ಖಾಲಿಯಿತ್ತು, ಆದರೂ ಗಾಡಿ ಮುಂದೆ ಹೋಗುತ್ತಿರಲಿಲ್ಲ. ಆಟೋಗಳು ದಾಟಿ ಹೋದವು, ಸೈಕಲ್ ಮೇಲಿನ ಹಾಲಿನವನೊಬ್ಬ ದಾಟಿ ಹೋದ. ಇವರು ಇಷ್ಟು ಮೆಲ್ಲಗೆ ಹೋಗಿದ್ದನ್ನು ನಾನು ಕಂಡಿರಲಿಲ್ಲ. ಸೇತುವೆ ಏರುವ ಮುಂಚೆ ಬದಿಗೆ ತಂದು ನಿಲ್ಲಿಸಿದರು.

"ಇಳಿ" ಅಂದರು.

ಇಳಿದೆ. ಅವರೂ ಇಳಿದು ಸ್ಟ್ಯಾಂಡು ಹಾಕಿ ಬೆವರು ಒರೆಸಿಕೊಂಡರು. ರಸ್ತೆಯ ಬದಿಯ ಕಟ್ಟೆಯ ಮೇಲೆ ಕೂತರೆ ಹಿಂದಿನ ಗಾಲಿ ಸರಿಯಾಗಿ ಅವರ ಕಣ್ಣಿನ ಮಟ್ಟಕ್ಕೆ ಬಂತು. ಜೇಬಿನ ಕರವಸ್ತ್ರ ತೆಗೆದು ಟಾಯರಿನ ಪಕ್ಕ ಎಣ್ಣೆ ಒರೆಸಿದರು. ಒರೆಸಿದ ಜಾಗದಲ್ಲಿ ಬಿರುಕು ಒಂದೊಂದಾಗಿ ಎದ್ದು ಬಂದವು. ಅವರು ಬೆರಳಾಡಿಸುತ್ತಲೇ ಇದ್ದರು.

"ನೀ ಹಿಂದ ಕುಂತೀ ಅಂದ್ರ ಎಕ್ಸಲರೇಟರ್ ಮ್ಯಾಲ ನನ್ನ ಕೈ ತಿರುಗವಲ್ದು" ಅಂದರು ಕೊನೆಗೆ. "ಆ ಹುಡುಗೀನ ಹೆಂಗ ಕಳಸ್ಲಿ?"

ಅಲ್ಲಿಂದ ಮನೆಗೆ ಗಾಡಿ ತಳ್ಳಿಕೊಂಡೇ ಬಂದೆವು. ಅವರು ಹ್ಯಾಂಡಲ್ ಹಿಡಿದು ಕುಂಟುತ್ತ ಮುಂದೆ, ನಾನು ಹಿಂದಿನಿಂದ ಸೀಟಿಗೆ ಕೈ ಕೊಟ್ಟು. ಮೈತುಂಬ ಚೆಂಡುಹೂವು ಹೊತ್ತ ಗಾಡಿ, ಇಳಕಲ್ ಸೀರೆ ಉಟ್ಟ ಹೆಂಗಸು. ನೋಡುವವರಿಗೆ ತಮಾಷೆ. "ಪೆಟ್ರೋಲ್ ಅಯಿಪೋಯಿಂದಾ ಸಾರ್?" ಅಂತ ಒಬ್ಬ, "ಪೆಟ್ರೋಲ್ ಖತಂ ಕ್ಯಾ ಚಚಾ?" ಅಂತ ಇನ್ನೊಬ್ಬ. ಪೆಟ್ರೋಲ್ ಮುಗಿದಿದೆ ಅನ್ನುವಂತೆ ಎಲ್ಲರಿಗೂ ನಮ್ಮವರು ಹೌದು ಹೌದು ಎಂದು ತಲೆಯಾಡಿಸಿದರು. ಮನೆಯ ಗೇಟಿನಲ್ಲಿ ಮಗಳು ತಾಟು ಹಿಡಿದು ಹಾಗೇ ನಿಂತಿದ್ದಳು. ಅವಳ ಕೈಗೆ ಬನ್ನಿ ಎಲೆ ಕೊಟ್ಟು, "ಬನ್ನಿ ತಗೊಂಡು ಬಂಗಾರದಂಗ ಇರೂಣು" ಅಂದರು. ಕೀಲಿ ಮಾತ್ರ ತಮ್ಮ ಜೇಬಿಗೆ ಹಾಕಿಕೊಂಡರು. ಅವಳು ಅವರ ಕಾಲಿಗೆ ನಮಸ್ಕಾರ ಮಾಡಿ ಹೆಲ್ಮೆಟ್ಟು ಒಳಗಿಟ್ಟಳು. ಮರುದಿನ ಬಸ್ಸಿಗೇ ಹೋದಳು.

ಹಬ್ಬ ಮುಗಿದು ಅಂಗಡಿಗಳು ತೆರೆದ ಮೇಲೆ ಟಾಯರಿನ ಅಂಗಡಿಗೆ ಹೋದೆವು. ನನ್ನನ್ನೂ ಬಾ ಅಂದರು, ಇದು ಹೊಸದು. ಗಾಡಿಯನ್ನು ಆಟೋ ಟ್ರಾಲಿಯಲ್ಲಿ ಹೇರಿಸಿದರು, ಇದಂತೂ ಊರಿಗೇ ಹೊಸದು. ಅಂಗಡಿಯವನು ಹಿಂದಿನ ಟಾಯರು ಬಿಚ್ಚಿ ಒಳಮೈ ಹೊರಗೆ ಬರುವಂತೆ ಮಡಚಿದ. ಬಿರುಕಿನ ಒಳಗೆ ನೂಲಿನ ಎಳೆ ಕಂಡವು. ಅವನು ಅದಕ್ಕೇನೂ ಬೆಲೆ ಕೊಡದೆ ಹಳೇ ಟಾಯರುಗಳ ರಾಶಿಯ ಮೇಲೆ ಎಸೆದ.

ಅಲ್ಲಿ ಇನ್ನೊಂದು ಜೋಡಿ ನಿಂತಿತ್ತು, ಕಟ್ಟಡದ ಕೆಲಸದವರು. ಇಬ್ಬರ ಕಾಲಿಗೂ ಸಿಮೆಂಟಿನ ಬಿಳುಪು. ಅವರ ಗಾಡಿಯ ಹಿಂದಿನ ಟಾಯರು ಪೂರಾ ಬೋಳಾಗಿತ್ತು, ಹಳೇ ರಾಶಿಯಲ್ಲಿ ಒಂದು ಹುಡುಕುತ್ತಿದ್ದರು. ಆ ಗಂಡಸು ನಮ್ಮ ಟಾಯರನ್ನೇ ಎತ್ತಿಕೊಂಡ. ನಾವು ಮಾತಾಡುವುದು ಕೇಳಿ, "ನೀವೂ ನಮ್ಮ ಕಡಿಯವ್ರೇನ್ರಿ ಅಣ್ಣಾರ? ನಾವು ಯಾದಗಿರಿ ಕಡಿಯವ್ರು. ಇದು ನಿಮ್ದ ಏನ್ರಿ? ಗ್ರಿಪ್ ಭಾರಿ ಐತಿ ನೋಡ್ರಿ" ಅಂದ.

ನಮ್ಮವರು ಆ ಟಾಯರಿನ ಪಕ್ಕಕ್ಕೆ ಬೆರಳಿಟ್ಟರು. ಆಮೇಲೆ, "ಗ್ರಿಪ್ ನೋಡಬ್ಯಾಡೋ ತಮ್ಮಾ, ಪಕ್ಕ ನೋಡು. ಹಿಮ್ಮಡಿ ಒಡದಂಗ ಒಡದೈತಿ" ಅಂದರು. ಹಿಮ್ಮಡಿಯ ಮಾತನ್ನು ನಾನು ಯಾವಾಗ ಅವರಿಗೆ ಹೇಳಿದ್ದೆನೋ, ಜಗಳದ ವಾರದಲ್ಲೇ ಇರಬೇಕು.

ಅವನು ಟಾಯರು ತಿರುಗಿಸಿ ನೋಡುತ್ತ, "ಸಣ್ಣಾವು ಅದಾವ್ರಿ. ಆರು ತಿಂಗಳು ನಡೀತೈತಿ" ಅಂದ.

ಅಷ್ಟರಲ್ಲಿ ಅವನ ಹೆಂಡತಿ ಹತ್ತಿರ ಬಂದು ಬಿರುಕಿನೊಳಗೆ ಉಗುರು ಇಟ್ಟಳು. "ಬ್ಯಾಡ, ಇಡು" ಅಂದಳು. "ಹಿಂದ ಕೂಡಾಕಿ ನಾನು."

ಅವನು ಮರುಮಾತಾಡದೆ ಕೆಳಗಿಟ್ಟ. ಅಷ್ಟೇ ನಡೆದದ್ದು. ನಮ್ಮವರು ಅವನನ್ನೇ ನೋಡುತ್ತಿದ್ದರು. ಆಮೇಲೆ ತಾವೇ ರಾಶಿಯ ಹತ್ತಿರ ಹೋಗಿ, ಒಂದೊಂದೇ ಟಾಯರು ಎತ್ತಿ ಹೆಬ್ಬೆರಳಿನಿಂದ ಒತ್ತಿ, ನಾಲ್ಕು ಅಂಕಿ ಹುಡುಕಿ, ಫೇಲು ಫೇಲು ಅನ್ನುತ್ತ ಬದಿಗಿಡತೊಡಗಿದರು. ಕೊನೆಗೆ ಗ್ರಿಪ್ ಅರ್ಧ ಸವೆದ, ಆದರೆ ಮೆತ್ತಗಿನ ರಬ್ಬರಿನ ಒಂದನ್ನು ಆ ಹೆಂಗಸಿನ ಕೈಗೆ ಕೊಟ್ಟು, "ಇದು ನಡೀತೈತವ್ವಾ" ಅಂದರು. ಅವಳು ತಾನೂ ಒಮ್ಮೆ ಬಾಗಿಸಿ ನೋಡಿಯೇ ಹೂಂ ಅಂದಳು. ನಮ್ಮ ಹಳೇ ಟಾಯರು ಮತ್ತೆ ಯಾರ ಕೈಗೂ ಹೋಗಬಾರದೆಂದು ಅಂಗಡಿಯವನ ಗರಗಸ ಇಸಕೊಂಡು ಅಡ್ಡಕ್ಕೆ ಕೊಯ್ದರು.

ನಮ್ಮ ಗಾಡಿಗೆ ಎರಡೂ ಟಾಯರು, ಎರಡೂ ಟ್ಯೂಬು ಹೊಸದು ಹಾಕಿದ್ದಾಯಿತು. ಗಾಳಿ ಹಾಕುವಾಗ ಅಂಗಡಿಯವನು ಎಷ್ಟು ಅಂತ ಕೇಳಿದ. ನಮ್ಮವರು ಇಬ್ಬರದ್ದು ಹೇಳಿದರು. ಹೊಸ ಟಾಯರು ಮೊದಲು ಜಾರುತ್ತದೆ, ನಾಲ್ಕು ದಿನ ಮೆಲ್ಲಗೆ ಓಡಿಸಿ, ಮೇಲೆ ಏನೂ ಹಚ್ಚಬೇಡಿ ಅಂದ ಅವನು. ಏನೂ ಹಚ್ಚಬೇಡಿ ಅಂದಾಗ ನಾನು ಬೇರೆ ಕಡೆ ನೋಡಿದೆ.

ಹೊರಟೆವು. ನಾನು ಸೆರಗು ಮಡಿಲಿಗೆ ಒತ್ತಿಕೊಂಡು ಹಿಂದೆ ಹತ್ತಿದೆ. ಗೇರು ಬೀಳುತ್ತದೆಂದು ಸೀಟು ಹಿಡಿದು ಕೂತೆ, ಬೀಳಲಿಲ್ಲ. ಇಂಜಿನು ಸುಮ್ಮನೆ ಗುಟುಗುಡುತ್ತಿತ್ತು.

"ಕುಂತಿಯೇನ?" ಅಂದರು, ತಿರುಗದೆ.

ನಾನು ಕೂಡಲೇ ಉತ್ತರ ಕೊಡಲಿಲ್ಲ. ಇಷ್ಟು ವರ್ಷ ಕಾದವಳು, ಅವರೂ ಸ್ವಲ್ಪ ಕಾಯಲಿ ಅನ್ನಿಸಿತು. ಆಮೇಲೆ "ಹೂಂ" ಅಂದೆ. ಗಾಡಿ ಮೆಲ್ಲಗೆ ಹೊರಟಿತು. ಅವರ ಬೆನ್ನ ಹಿಂದೆ ಕಣ್ಣೀರು ಒರೆಸಿಕೊಂಡೆ, ಗಾಳಿಗೆ ಬಂದದ್ದೇನಲ್ಲ.

ಮರುದಿನ ಬೆಳಿಗ್ಗೆ ಕೀಲಿ ಮಗಳ ಕೈಗೆ ಬಂತು. ನಾನು ಆರತಿ ಎತ್ತಿದೆ. ನಮ್ಮವರು ಗೋಡೆ ಹಿಡಿದು ಬಾಗಿ, ಎರಡೂ ಟಾಯರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. ಗಾಳಿ ವಾರಕ್ಕೊಮ್ಮೆ ನೋಡು, ತಣ್ಣಗಿದ್ದಾಗ ನೋಡು, ಬಿಸಿಲಿಗೆ ನಿಲ್ಲಿಸಬೇಡ ಎಂದೆಲ್ಲ ಹೇಳಿದರು. ಅವಳು ಹೂಂ ಹೂಂ ಅನ್ನುತ್ತ ಹೆಲ್ಮೆಟ್ಟಿನ ಪಟ್ಟಿ ಬಿಗಿ ಮಾಡಿಕೊಂಡಳು.

"ಇನ್ನೊಂದು. ಹಿಂದ ಯಾರರ ಕುಂತ್ರ, ಸರಿಯಾಗಿ ಕುಂತಾರೇನ ಅಂತ ಕೇಳಿ ಗಾಡಿ ಬಿಡು."

ಅವಳು ಹೆಲ್ಮೆಟ್ಟಿನ ಗಾಜಿನೊಳಗಿಂದ ನನ್ನ ಕಡೆ ನೋಡಿದಳು. "ನೀ ಅವ್ವನ್ನ ಯಾವಾಗ ಕೇಳೀದೆಪ್ಪಾ?" ಅಂದಳು.

"ನಿನ್ನಿ ಕೇಳೀನಿ" ಅಂದರು.